ತಮ್ಮನನ್ನು ಹುಡುಕಿಕೊಡಿ ಎಂಬ ಅರ್ಜಿ

ಎಸ್ಸಿಯನ್ ಕಾಣೆಯಾದದ್ದು ತೆರಿಗೆ ವಸೂಲಿಯ ಕಾಲದಲ್ಲಿ. ಬೆಳಿಗ್ಗೆ ತಾಳೆಗೊನೆ ಇಳಿಸಲು ಹೋದವನು ಸಂಜೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಇನ್ನೂ ಮದುವೆಯಾಗದ ಹುಡುಗ, ಗಟ್ಟಿ ಮೈಕಟ್ಟು, ಯಾರ ತಂಟೆಗೂ ಹೋದವನಲ್ಲ ಎಂದು ನಮ್ಮ ಇಕೊಟ್ ಉಬೊದ ಜನ ಹೇಳುತ್ತಿದ್ದರು.

ಅವನ ಅಕ್ಕ ಎಕಾನೆಮ್ ಗಂಡ ಸತ್ತ ಮೇಲೆ ತವರಿಗೆ ಬಂದು ಮರಗೆಣಸು ತುರಿದು, ಹಿಂಡಿ, ಹುರಿದು, ಆ ರವೆಯನ್ನು ಸಂತೆಯಲ್ಲಿ ಮಾರಿ ಬದುಕುತ್ತಿದ್ದಳು. ಮನೆಯಲ್ಲಿ ಅವಳು, ತಮ್ಮ, ಮುದುಕಿ ತಾಯಿ ಇಕ್ವೊ, ಮೂವರೇ. ತಮ್ಮ ಬರಲಿಲ್ಲವೆಂದು ಎಕಾನೆಮ್ ಓಣಿ ಓಣಿ ತಿರುಗಿದಳು. ತಾಯಿ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ.

"ಕಾಲಬಾರಿಗೆ ಹೋಗಿರ್ತಾನೆ ಕಣೆ. ಬಂದರಿನಲ್ಲಿ ಮೂಟೆ ಹೊರೋ ಕೆಲಸ ಸಿಗುತ್ತಂತಲ್ಲ."

"ಹೇಳದೆ ಹೋಗ್ತಾನಾ ಅವ್ವ?"

"ಗಂಡುಮಕ್ಕಳು ಹೇಳಿ ಹೋಗ್ತಾರಾ?" ಅಂದಳು ಇಕ್ವೊ.

ಮೀನಿಗೆ ಹೊಗೆ ಹಾಕಿ ಮಾರುವ ಅತಿಮ್ ಎಂಬವಳು ಒಂದು ದಿನ ಎಕಾನೆಮಳನ್ನು ಸಂತೆಯ ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು. "ನಿನ್ನ ತಮ್ಮ ಉಮಾನಾನ ದೋಣಿ ಹತ್ತಿದ್ದು ನಾನು ನೋಡಿದೆ. ನಾನು ಹೇಳಿದೆ ಅನ್ನಬೇಡ."

ಉಮಾನಾ ಯಾರೆಂದು ಹೊಳೆಯ ದಂಡೆಯಲ್ಲಿ ಎಲ್ಲರಿಗೂ ಗೊತ್ತು. ಸಮುದ್ರದಾಚೆ ಸ್ಪೇನಿನವರ ಪಾನ್ಯಾ ದ್ವೀಪವಿದೆ. ಅಲ್ಲಿಯ ಕೋಕೊ ತೋಟಗಳಿಗೆ ಆಳುಗಳನ್ನು ಕಳ್ಳದಾರಿಯಲ್ಲಿ ಸಾಗಿಸುವುದೇ ಅವನ ಕಸುಬು. ಇಂಗ್ಲಿಷ್ ಸರ್ಕಾರ ಅದನ್ನು ನಿಷೇಧಿಸಿತ್ತು. ಆದರೂ ಉಮಾನಾ ಉಣ್ಣೆಯ ಟೊಪ್ಪಿ ಇಟ್ಟುಕೊಂಡು ಕೋರ್ಟಿನ ಜವಾನರ ಜೊತೆ ಹೆಂಡ ಕುಡಿಯುತ್ತಿದ್ದ. ಹೋದವರಲ್ಲಿ ಕೆಲವರು ಹೊಲಿಗೆ ಯಂತ್ರ ತಂದರು, ಕೆಲವರು ಕೆಮ್ಮು ತಂದರು, ಹಲವರು ಬರಲೇ ಇಲ್ಲ.

ಎಕಾನೆಮ್ ನೇರವಾಗಿ ಅವನ ಅಂಗಳಕ್ಕೆ ಹೋದಳು.

"ನನ್ನ ತಮ್ಮ ಎಲ್ಲಿ?"

"ನನ್ನನ್ನ ಕೇಳ್ತೀಯಲ್ಲ ತಂಗಿ. ನಿನ್ನ ತಮ್ಮ ಏನು ಮೇಕೆಯಾ, ಕತ್ತಿಗೆ ಹಗ್ಗ ಹಾಕಿ ಎಳ್ಕೊಂಡು ಹೋಗೋಕೆ?"

"ದೋಣಿ ಹತ್ತಿದ್ದು ನೋಡಿದವರಿದ್ದಾರೆ."

"ನೋಡಿದವರನ್ನ ಕರ್ಕೊಂಡು ಬಾ, ಅವರ ಕಣ್ಣಿಗೆ ಔಷಧಿ ಕೊಡಿಸ್ತೀನಿ," ಎಂದು ಅವನು ನಕ್ಕ. ನಗುವಾಗ ಅವನು ಅವಳನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದ. ಅವಳಿಗೆ ಅದೇ ಸಾಕಾಯಿತು.

ಸರ್ಕಾರಿ ದಿಬ್ಬದ ಮೇಲೆ ಜಿಲ್ಲೆಯ ದೊರೆಯ ಕಚೇರಿ. ದಿಬ್ಬದ ಕೆಳಗೆ, ಮಾವಿನ ಮರದ ನೆರಳಲ್ಲಿ, ಅರ್ಜಿ ಬರೆಯುವ ಬೆನ್ಸನ್ ಇನ್ಯಾಂಗ್ ಮೇಜು ಹಾಕಿಕೊಂಡು ಕೂರುತ್ತಿದ್ದ. ಹಿಂದೆ ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು, ಎರಡನೆಯ ಹೆಂಡತಿಯನ್ನು ಮಾಡಿಕೊಂಡು ಕೆಲಸ ಕಳೆದುಕೊಂಡಿದ್ದ. ಹೊಲದ ಗಡಿ, ಓಡಿಹೋದ ಹೆಂಡತಿ, ತಪ್ಪು ತೆರಿಗೆ, ಎಲ್ಲದಕ್ಕೂ ಜನ ಅವನ ಬಳಿಗೇ ಹೋಗುತ್ತಿದ್ದರು. ಎಕಾನೆಮ್ ನಿಂತುಕೊಂಡೇ ಹೇಳಿದಳು. ತಮ್ಮನ ಹೆಸರು, ಎತ್ತರ, ಬಲಗಿವಿಯ ಹಿಂದಿನ ಸುಟ್ಟ ಗಾಯದ ಗುರುತು, ಉಮಾನಾನ ದೋಣಿ, ಕಂಡವಳು ಅತಿಮ್. ಹೆಸರು ಹೇಳಬೇಡ ಎಂದಿದ್ದರೂ ಹೇಳಿದಳು. ಸಾಕ್ಷಿಯ ಹೆಸರಿಲ್ಲದ ಅರ್ಜಿಯನ್ನು ದೊರೆ ಬುಟ್ಟಿಗೆ ಹಾಕುತ್ತಾನೆಂದು ಬೆನ್ಸನ್ ಪಟ್ಟು ಹಿಡಿದಿದ್ದ.

ಅವನು ಬರೆದು ಮುಗಿಸಿದ ಮೇಲೆ ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಓದಲು ಬಾರದು, ಆದರೆ ಉದ್ದ ಕಾಣುತ್ತದಲ್ಲ.

"ಮೇಷ್ಟ್ರೆ, ನಾನು ಹೇಳಿದ್ದು ನಾಕು ಮಾತು. ನೀವು ಪುಟ ತುಂಬ ಬರೆದಿದ್ದೀರಿ. ಮಿಕ್ಕಿದ್ದು ಯಾರ ಮಾತು?"

"ಮಿಕ್ಕಿದ್ದು ದೊರೆಗೆ ನಮಸ್ಕಾರ."

"ಇಷ್ಟು ಉದ್ದ ನಮಸ್ಕಾರನಾ?"

"ದೊರೆ ಎಷ್ಟು ಎತ್ತರವೋ ನಮಸ್ಕಾರ ಅಷ್ಟು ಉದ್ದ. ಹೆಬ್ಬೆಟ್ಟು ಒತ್ತು ತಾಯಿ, ಹಿಂದೆ ಜನ ಕಾಯ್ತಿದ್ದಾರೆ."

ಅವಳು ಹೆಬ್ಬೆಟ್ಟು ಒತ್ತಿದಳು. ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ಇಕ್ವೊ ಕೇಳಿಸಿಕೊಂಡು, "ಸರ್ಕಾರದ ಹತ್ರ ಯಾಕೆ ಹೋದೆ?" ಎಂದಷ್ಟೇ ಕೇಳಿ ಸೌದೆ ಮುಂದೆ ತಳ್ಳಿದಳು.

ದೊರೆಯಿಂದ ಉತ್ತರ ಬರುವ ಮೊದಲೇ ಉಮಾನಾ ಸಂತೆಗೆ ಬಂದ. ಎಕಾನೆಮಳ ಬುಟ್ಟಿಯ ಮುಂದೆ ನಿಂತು ಒಂದು ಚಿಟಿಕೆ ರವೆ ಬಾಯಿಗೆ ಹಾಕಿಕೊಂಡ.

"ಚೆನ್ನಾಗಿ ಹುರಿದಿದ್ದೀಯ. ಕಿವಿ ಹಿಂದೆ ಸುಟ್ಟ ಗಾಯ ಅಂತ ಬರೆಸಿದ್ದೀಯಂತಲ್ಲ? ಎಡಗಿವೀನಾ ಬಲಗಿವೀನಾ?"

ಅವಳು ಬುಟ್ಟಿಗೆ ಬಟ್ಟೆ ಮುಚ್ಚಿದಳು. ಮಾರನೆಯ ದಿನ ಕೋರ್ಟಿನ ಜವಾನ ವಿಚಾರಣೆಗೆ ಬಂದಾಗ ಅತಿಮ್, "ನಾನು ಯಾವ ದೋಣಿಯನ್ನೂ ನೋಡಿಲ್ಲ, ಆ ಕಾಲಕ್ಕೆ ನನಗೆ ಜ್ವರ," ಎಂದುಬಿಟ್ಟಳು. ಅಂದಿನಿಂದ ಎಕಾನೆಮ್ ದಂಡೆಗೆ ಹೋದರೆ ಅತಿಮ್ ಬೆನ್ನು ತಿರುಗಿಸುತ್ತಿದ್ದಳು.

ಎಕಾನೆಮ್ ಮಾವಿನ ಮರದ ಕೆಳಗೆ ಹೋಗಿ, ನಾಲ್ಕು ಜನರ ಎದುರಿಗೇ ಬೆನ್ಸನ್‌ನನ್ನು ಕೇಳಿದಳು. "ಒಂದು ಅರ್ಜಿಗೆ ಎರಡು ಕಡೆ ಕಾಸು ತಗೊಳ್ತೀರಾ ಮೇಷ್ಟ್ರೆ? ನನ್ನ ಹತ್ರ ಒಂದು, ಉಮಾನಾನ ಹತ್ರ ಒಂದು?"

ಬೆನ್ಸನ್‌ನ ಮುಖ ಕಪ್ಪಿಟ್ಟಿತು. "ನನ್ನ ಮೇಜಿನ ಮೇಲಿಂದ ಒಂದು ಮಾತೂ ಹೊರಗೆ ಹೋಗಿಲ್ಲ. ಅರ್ಜಿಯನ್ನ ದೊರೆಯ ಮೇಜಿಗೆ ಒಯ್ಯೋದು ದುಭಾಷಿ. ಹೋಗಿ ಅವನ ಬಾಯಿ ಬಿಡಿಸು."

"ಅವನು ನಿಮ್ಮ ಹೆಸರು ಹೇಳ್ತಾನೆ. ನೀವು ಅವನ ಹೆಸರು ಹೇಳ್ತೀರಿ."

"ಹಾಗಾದ್ರೆ ನೀನೇ ಇಂಗ್ಲಿಷ್ ಕಲಿತು ಬರಿ," ಎಂದು ಬೆನ್ಸನ್ ಮುಂದಿನವನನ್ನು ಕರೆದ.

ಆ ಮೇಲೆ ಎಕಾನೆಮಳಿಗೆ ಯಾರ ಮುಖ ನೋಡಿದರೂ ಅನುಮಾನ. ದುಭಾಷಿಯ ಹೊಸ ಬೂಟು ನೋಡಿದರೆ ಅದು ಉಮಾನಾ ಕೊಡಿಸಿದ್ದು ಅನಿಸುತ್ತಿತ್ತು. ಪಕ್ಕದ ಮನೆಯವಳು ಬೆಂಕಿ ಕೇಳಲು ಬಂದರೆ ಸುದ್ದಿ ಕೇಳಲು ಬಂದಳು ಅನಿಸುತ್ತಿತ್ತು. ಎಕಾನೆಮ್ ಮಾತು ಕಡಿಮೆ ಮಾಡಿದಳು. ಒಳಗಿನದನ್ನು ಹೇಳಿಕೊಳ್ಳಲು ಉಳಿದವಳು ತಾಯಿ ಒಬ್ಬಳೇ.

ಎರಡನೆಯ ಅರ್ಜಿಯನ್ನು ಅವಳು ನಮ್ಮೂರಲ್ಲಿ ಬರೆಸಲಿಲ್ಲ. ಲಾರಿ ಹತ್ತಿ ಉಕ್ಪಾಕ್ಕೆ ಹೋಗಿ, ತನ್ನನ್ನು ಎಂದೂ ಕಂಡಿರದ ಒಬ್ಬನ ಕೈಲಿ ಬರೆಸಿ, ನಮ್ಮ ದೊರೆಗಿಂತ ಮೇಲಿನ ದೊಡ್ಡ ದೊರೆಗೆ ಅಂಚೆಯಲ್ಲಿ ಹಾಕಿದಳು. ಬರೆದವನ ಮೇಲೂ ಅವಳಿಗೆ ಪೂರ್ತಿ ನಂಬಿಕೆಯಿರಲಿಲ್ಲ. ಆ ಹೊತ್ತಿಗೆ ಉಮಾನಾ ದೋಣಿಗಳನ್ನು ಬಚ್ಚಿಡುವ ಜಾಗ ಅವಳಿಗೆ ತಿಳಿದುಬಂದಿತ್ತು. ಸೌದೆಗೆಂದು ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ದಾರಿ ತಪ್ಪಿ ಹೋದಾಗ, ಹೊಳೆ ಎರಡಾಗಿ ಒಡೆಯುವಲ್ಲಿ, ಸೊಪ್ಪು ಮುಚ್ಚಿದ ಮೂರು ದೊಡ್ಡ ದೋಣಿಗಳನ್ನು ಅವಳೇ ಕಂಡಿದ್ದಳು. ಆ ಜಾಗವನ್ನು ಅವಳು ಅರ್ಜಿಯಲ್ಲಿ ಹಾಕಿಸಲಿಲ್ಲ. ದೊಡ್ಡ ದೊರೆ ಕರೆಸಿದರೆ ಬಾಯಲ್ಲೇ ಹೇಳುವುದೆಂದು ಇಟ್ಟುಕೊಂಡಳು.

ಮನೆಗೆ ಬಂದಾಗ ತಾಯಿ ಎಲೆ ಹೆಚ್ಚುತ್ತಿದ್ದಳು. ಎಕಾನೆಮ್ ಪಕ್ಕದಲ್ಲಿ ಕೂತು, ತಾನೂ ಎಲೆ ಬಿಡಿಸುತ್ತಾ, ಸಮಾಧಾನಕ್ಕೆಂದು ಹೇಳಿದಳು. "ಈ ಸಲ ಅವನು ತಪ್ಪಿಸಿಕೊಳ್ಳಲ್ಲ ಅವ್ವ. ದೋಣಿ ಇಡೋ ಜಾಗ ನಂಗೆ ಗೊತ್ತು." ಎಲ್ಲಿ ಎಂದು ತಾಯಿ ಕೇಳಿದಳು. ಹೇಳಿದಳು.

ಸಂತೆ ಕಳೆದ ಮೇಲೆ ಅವಳು ಮತ್ತೆ ಕಾಂಡ್ಲಾ ಕಾಡಿಗೆ ಹೋದಳು, ದೋಣಿಗಳು ಇನ್ನೂ ಇವೆಯೇ ಎಂದು ನೋಡಿಬರಲು. ಇರಲಿಲ್ಲ. ಕೆಸರಲ್ಲಿ ದೋಣಿ ಎಳೆದ ಗೆರೆ ಇನ್ನೂ ಹಸಿಯಾಗಿತ್ತು, ಮುಚ್ಚಿದ್ದ ಸೊಪ್ಪು ಪಕ್ಕಕ್ಕೆ ಬಿದ್ದಿತ್ತು.

ಎಕಾನೆಮ್ ಒಂದು ಬೇರಿನ ಮೇಲೆ ಕೂತಳು. ಉಕ್ಪಾದವನಿಗೆ ಈ ಜಾಗ ಗೊತ್ತಿಲ್ಲ. ಬೆನ್ಸನ್‌ಗೆ ಗೊತ್ತಿಲ್ಲ, ದುಭಾಷಿಗೆ ಗೊತ್ತಿಲ್ಲ. ಬರೆದಿಲ್ಲ, ಬರೆಸಿಲ್ಲ. ಯಾರನ್ನು ಬೈಯಬೇಕೆಂದು ಹುಡುಕುತ್ತಾ ಹೋದ ಅವಳ ಮನಸ್ಸು ಒಂದು ಕಡೆ ಬಂದು ನಿಂತಿತು.

ಮನೆಗೆ ಬಂದಾಗ ಇಕ್ವೊ ಅಂಗಳದಲ್ಲಿ ಗೆಣಸಿನ ಚೀಲದ ಮೇಲೆ ಕಲ್ಲು ಹೇರಿ ನೀರು ಹಿಂಡುತ್ತಿದ್ದಳು.

"ಉಮಾನಾನ ಮನೆಗೆ ಯಾವಾಗ ಹೋಗಿದ್ದೆ ಅವ್ವ?"

ಇಕ್ವೊ ತಲೆ ಎತ್ತಲಿಲ್ಲ.

"ಮಗನನ್ನ ಮಾರಿದೆಯಾ?"

ಆಗ ತಾಯಿ ತಲೆ ಎತ್ತಿದಳು. "ಮಾರಲಿಲ್ಲ. ಬೇಡಿಕೊಂಡು ಕಳಿಸಿದೆ."

ಅಕ್ಕಪಕ್ಕದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಅವಳು ಹೇಳಿದ್ದು ಇಷ್ಟು. ಆ ದಿನ ಎಸ್ಸಿಯನ್ ಮಧ್ಯಾಹ್ನವೇ ಹಿತ್ತಿಲಿಂದ ಬಂದಿದ್ದ. ಅಂಗಿಯ ಮೇಲೆ ರಕ್ತ. ಜೊಂಡಿನ ಗದ್ದೆಯ ಬಳಿ ತೆರಿಗೆಯ ಗುಮಾಸ್ತ ಅಂಟಿಯಾ ಬಿದ್ದಿದ್ದಾನೆ ಎಂದು ಅದಾಗಲೇ ಓಣಿಯಲ್ಲಿ ಸುದ್ದಿ ಎದ್ದಿತ್ತು.

"ಕೊಂದೆಯಾ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಅವನು ಹೇಳಿಬಿಡ್ತಿದ್ದ. ಅಂಗಿ ಒಲೆಗೆ ಹಾಕಿ, ಉಮಾನಾನ ಕಾಲಿಗೆ ಬಿದ್ದೆ. ಬೇರೆ ಹೆಸರು ಹೇಳಿ ಕಳಿಸು ಅಂದೆ."

"ಅಂಟಿಯಾ ಸಾಯಲಿಲ್ವಲ್ಲ ಅವ್ವ. ಒಂದು ಕಣ್ಣು ಹೋಯ್ತು, ಅಷ್ಟೆ. ಹೊಡೆದವನ ಹೆಸರೂ ಅವನಿಗೆ ಗೊತ್ತಿಲ್ಲ."

"ಸರ್ಕಾರದ ಕಣ್ಣು ಅದು. ತೆರಿಗೆ ಬೇಡ ಅಂತ ಹೆಂಗಸರ ಗಲಾಟೆ ಆದ ವರ್ಷ ನೀನು ಚಿಕ್ಕವಳಲ್ಲ. ನನ್ನ ತಂಗಿ ಏನು ಮಾಡಿದ್ದಳು? ಕೈಯಲ್ಲಿ ತಾಳೆಗರಿ ಹಿಡಿದು ಹಾಡ್ತಾ ನಿಂತಿದ್ದಳು. ಹಾಡಿದವಳ ಎದೆಗೆ ಗುಂಡು ಹೊಡೆದವರು, ಕಣ್ಣು ತೆಗೆದವನನ್ನ ಬಿಡ್ತಾರಾ? ಅಂಥವರಿಗೆ ನೀನು ನನ್ನ ಮಗನ ಹೆಸರು, ಎತ್ತರ, ಗಾಯದ ಗುರುತು, ಎಲ್ಲ ಬರೆದುಕೊಟ್ಟೆ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಯಾರನ್ನಾದ್ರೂ ನಂಬಿಬಿಡ್ತೀಯ," ಅಂದಳು ಇಕ್ವೊ, ಮತ್ತೆ ಕಲ್ಲು ಎತ್ತಿಟ್ಟಳು.

ಎಕಾನೆಮ್ ಮರುದಿನವೇ ದಿಬ್ಬ ಹತ್ತಿದಳು, ಅರ್ಜಿಯನ್ನು ವಾಪಸು ಪಡೆಯಲು. ಬರೆಸಲಿಕ್ಕೆ ಹೋಗಲಿಲ್ಲ, ಬಾಯಲ್ಲೇ ಹೇಳಿದಳು. ದೊರೆ ಬಿಸಿಲಿಗೆ ಮೂಗು ಕೆಂಪಾದ ಚಿಕ್ಕ ವಯಸ್ಸಿನವನು. ಮೇಲಿನ ಕಚೇರಿಯಿಂದ ಕಾಗದ ಬಂದು ಅವನಿಗೆ ಮುಜುಗರವಾಗಿತ್ತು. ದುಭಾಷಿಯ ಮೂಲಕ ಕೇಳಿದ.

"ತಮ್ಮ ಸಿಕ್ಕಿದನೇನು?"

"ಇಲ್ಲ."

"ಮತ್ತೆ ಯಾಕೆ ಬೇಡ ಅಂತೀಯ?"

"ಅವನು ತಾನಾಗಿ ಹೋದ. ಅವನಿಷ್ಟ."

ದೊರೆ ಅವಳ ಮುಖವನ್ನೇ ನೋಡಿ ಏನೋ ಹೇಳಿದ. ದುಭಾಷಿ ತಿರುಗಿಸಿದ. "ನಿನ್ನನ್ನ ಯಾರೋ ಹೆದರಿಸಿದ್ದಾರೆ ಅಂತ ದೊರೆಗೆ ಅನುಮಾನ. ಅರ್ಜಿ ವಾಪಸು ಕೊಡಲ್ಲ. ಪೊಲೀಸರನ್ನ ಕಳಿಸ್ತಾರೆ."

ಹೀಗೆ, ಬೇಕೆಂದು ಕೇಳಿದಾಗ ಅಲ್ಲಾಡದಿದ್ದ ಸರ್ಕಾರ ಬೇಡವೆಂದಾಗ ಎದ್ದು ಓಡಾಡತೊಡಗಿತು. ಪೊಲೀಸರು ಉಮಾನಾನ ಮನೆ ಶೋಧಿಸಿದರು, ಅವನನ್ನು ಕೆಲಕಾಲ ಕೂಡಿಹಾಕಿದರು. ಸಾಕ್ಷಿ ಹೇಳುವವರಿಲ್ಲದೆ ಬಿಟ್ಟರು. ಅವನು ಟೊಪ್ಪಿ ಸಮೇತ ಬೇರೆ ಹೊಳೆಯ ಕಡೆಗೆ ಬಿಡಾರ ಬದಲಿಸಿದ. ಪಾನ್ಯಾದಲ್ಲಿರುವ ಇಂಗ್ಲಿಷ್ ಅಧಿಕಾರಿಗೆ ಕಾಗದ ಹೋಯಿತು, ಎಸ್ಸಿಯನ್ ಎಂಬ ಹೆಸರಿನವನು ಯಾವ ತೋಟದಲ್ಲೂ ಇಲ್ಲವೆಂದು ಉತ್ತರವೂ ಬಂತು.

ದೊರೆ ಮತ್ತೆ ಕರೆಸಿ ಕೇಳಿದ. "ಬೇರೆ ಹೆಸರಲ್ಲಿ ಹೋದನೇನು?"

ಎಕಾನೆಮ್ ತಡೆದು, "ಗೊತ್ತಿಲ್ಲ," ಎಂದಳು. ತಡೆದದ್ದು ಅವನಿಗೆ ಕಂಡಿತೆಂದು ಅವಳಿಗೂ ಗೊತ್ತಾಯಿತು.

ಅಲ್ಲಿಂದ ಮನೆಯಲ್ಲಿ ತಾಯಿ ಮಗಳು ಒಬ್ಬರನ್ನೊಬ್ಬರು ಕಾಯುವ ಹಾಗಾಯಿತು. ಮಗಳು ದಿಬ್ಬದ ಕಡೆ ಹೆಜ್ಜೆ ಹಾಕಿದರೆ ತಾಯಿ, "ಎಲ್ಲಿಗೆ?" ಅನ್ನುತ್ತಿದ್ದಳು. ತಾಯಿ ಸೌದೆಗೆ ಹೋಗಿ ತಡವಾದರೆ ಮಗಳು ದಾರಿಯವರೆಗೆ ಬಂದು ನಿಲ್ಲುತ್ತಿದ್ದಳು. ಆ ಬೇರೆ ಹೆಸರನ್ನು ಇಕ್ವೊ ಮಗಳಿಗೆ ಹೇಳಿರಲಿಲ್ಲ. ಮಗಳೂ ಕೇಳಲಿಲ್ಲ. ಕೇಳಿದರೆ ಯಾರಿಗಾಗಿ ಕೇಳುತ್ತಾಳೆಂಬ ಮಾತು ಬರುತ್ತಿತ್ತು.

ಹೀಗಿರುವಾಗ ಪಕ್ಕದೂರಿನ ಎಕೊಂಗ್ ಎಂಬವನು ಪಾನ್ಯಾದಿಂದ ತಪ್ಪಿಸಿಕೊಂಡು ಬಂದ. ಮೀನುಗಾರರ ದೋಣಿಯಲ್ಲಿ ಬಲೆಯಡಿ ಮಲಗಿ ಸಮುದ್ರ ದಾಟಿದ್ದನಂತೆ. ಇಕ್ವೊ ಒಂದು ಬಟ್ಟಲು ಮೀನಿನ ಸಾರು, ಗೆಣಸಿನ ಮುದ್ದೆ ಹಿಡಿದು ಅವನನ್ನು ನೋಡಲು ಹೋದಳು. ಎಕಾನೆಮ್ ಬಿಡದೆ ಹಿಂದೆಯೇ ಹೋದಳು. ಅವನು ಉಂಡು ಕೈ ತೊಳೆದ ಮೇಲೆ ಇಕ್ವೊ ಕೇಳಿದಳು. "ಕಿವಿ ಹಿಂದೆ ಸುಟ್ಟ ಗಾಯ ಇರೋ ಹುಡುಗನನ್ನ ನೋಡಿದೆಯಾ ಮಗ?"

ಎಕೊಂಗ್ ಬಟ್ಟಲನ್ನು ಪಕ್ಕಕ್ಕಿಟ್ಟ. "ನೋಡಿದೀನಿ ಅಜ್ಜಿ. ನಮ್ಮ ತೋಟದಲ್ಲೇ ಇದ್ದ. ಕಾಲಲ್ಲಿ ಹುಣ್ಣಾಗಿ ಮೂಳೆ ಕಾಣ್ತಿತ್ತು. ಕರಾರು ಮುಗಿದ್ರೂ ಬಿಡಲ್ಲ ಅವರು, ಮತ್ತೆ ಹೆಬ್ಬೆಟ್ಟು ಒತ್ತಿಸ್ಕೋತಾರೆ. ಎದ್ದು ನಿಲ್ಲೋಕಾಗದವರನ್ನ ಶೆಡ್ಡಿನ ಹಿಂದೆ ಹಾಕ್ತಾರೆ. ಅಲ್ಲಿಗೆ ಹೋದವರನ್ನ ಆಮೇಲೆ ನಾವು ನೋಡಿಲ್ಲ."

"ಅವನು ಶೆಡ್ಡಿನ ಹಿಂದೆ ಹೋಗಿದ್ದನಾ?"

"ನಾನು ಬರೋವಾಗ ಇನ್ನೂ ನಿಲ್ತಿದ್ದ."

ಆ ರಾತ್ರಿ ಇಕ್ವೊ ಒಲೆ ಹಚ್ಚಲಿಲ್ಲ. ಬೆಳಗಾದ ಮೇಲೆ ಸ್ನಾನ ಮಾಡಿ, ಹಬ್ಬಕ್ಕೆ ಉಡುವ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟುಕೊಂಡು ಹೊರಟಳು. ಎಕಾನೆಮ್ ಹುರಿಯುವ ಬಾಣಲೆಯನ್ನು ಹಾಗೇ ಇಳಿಸಿ ಹಿಂದೆ ಓಡಿದಳು.

ಮಾವಿನ ಮರದ ಕೆಳಗೆ ಬೆನ್ಸನ್ ತಾಯಿ ಮಗಳನ್ನು ನೋಡಿ ಲೇಖನಿ ಕೆಳಗಿಟ್ಟ. "ಮತ್ತೆ ಬಂದಿರಾ? ಉಮಾನಾ ಇವತ್ತು ಇನ್ನೂ ಬಂದಿಲ್ಲ, ಬಂದ್ರೆ ನಿಮ್ಮ ಗುಟ್ಟು ಮಾರೋಣ ಅಂತ ಕಾಯ್ತಾ ಕೂತಿದೀನಿ."

ಎಕಾನೆಮ್ ನೆಲ ನೋಡಿದಳು. ಇಕ್ವೊ ಅವನ ಎದುರಿನ ಪೆಟ್ಟಿಗೆಯ ಮೇಲೆ ಕೂತಳು.

"ಬರಿ. ನಮಸ್ಕಾರ ಎಲ್ಲ ಬೇಡ. ನಾನು ಹೇಳಿದಷ್ಟೇ ಬರಿ. ನನ್ನ ಮಗ ಪಾನ್ಯಾದಲ್ಲಿ ಸಂಡೇ ಇಟಾ ಅನ್ನೋ ಹೆಸರಲ್ಲಿದ್ದಾನೆ. ಆ ಹೆಸರು ಇಟ್ಟವಳು ನಾನು. ಕಳಿಸಿದವಳೂ ನಾನು. ಅವನ ಅಂಗಿ ಮೇಲೆ ರಕ್ತ ಇತ್ತು. ಅಂಟಿಯಾನ ಕಣ್ಣು ಇವನೇ ತೆಗೆದಿದ್ರೆ ಇಲ್ಲಿಗೆ ಕರೆಸಿ ಕೇಳಿ. ನೇಣು ಹಾಕೋದಾದ್ರೂ ನಮ್ಮ ಮಣ್ಣಲ್ಲಿ ಹಾಕಿ. ನಾನು ಹೂಳ್ತೀನಿ."

ಬೆನ್ಸನ್ ಬರೆಯಲಿಲ್ಲ. "ಅಜ್ಜಿ, ಇದನ್ನ ಬರೆದರೆ ಹಗ್ಗವನ್ನ ನೀವೇ ಅವರ ಕೈಗೆ ಕೊಟ್ಟ ಹಾಗೆ. ರಕ್ತದ ಮಾತು ಬಿಟ್ಟುಬಿಡೋಣ. ಹೆಸರು ಮಾತ್ರ ಸಾಕು."

"ಬಿಟ್ಟರೆ ಇವರು ನಾಳೆ ಕಂಡುಹಿಡೀತಾರೆ. ಮುಚ್ಚಿಟ್ಟಿದ್ದಳು ಅಂತ ಇನ್ನೂ ಸಿಟ್ಟಾಗ್ತಾರೆ. ಬರಿ."

ಅವನು ಬರೆದ. ಇಕ್ವೊ ಹೆಬ್ಬೆಟ್ಟು ಒತ್ತಿದಳು. ಅಷ್ಟಾದರೂ ಎಕಾನೆಮ್ ಕಾಗದವನ್ನು ಮಿಷನ್ ಅಂಗಡಿಯವನ ಬಳಿಗೆ ಒಯ್ದು ಓದಿಸಿದಳು. ತಾಯಿ ಹೇಳಿದ ಮಾತುಗಳೇ ಇದ್ದವು, ಒಂದೂ ಹೆಚ್ಚಿಲ್ಲ. ವಾಪಸು ಬಂದಾಗ ಬೆನ್ಸನ್ ಕೇಳಿದ. "ಸರಿಯಾಗಿದೆಯಂತಾ?" ಅವಳು ಹೂಂ ಅಂದಳು. ಕ್ಷಮಿಸಿ ಎನ್ನಬೇಕೆಂದಿತ್ತು, ಕಾಸನ್ನು ಮೇಜಿನ ಮೇಲಿಟ್ಟಳು. ಈ ಅರ್ಜಿಗೆ ಅವನು ಕಾಸು ಮುಟ್ಟಲಿಲ್ಲ.

ಕಚೇರಿಯಲ್ಲಿ ದೊರೆ ಕಾಗದವನ್ನು ತಾನೇ ಓದಿದ, ಮತ್ತೊಮ್ಮೆ ಓದಿದ. ಮುದುಕಿಗೆ ಕುರ್ಚಿ ಹಾಕಿಸಿದ. ಇಕ್ವೊ ಕೂರಲಿಲ್ಲ.

"ದೊರೆಗೆ ಹೇಳು," ಅಂದಳು ದುಭಾಷಿಗೆ. "ನಿಮ್ಮ ಸಿಪಾಯಿಗಳು ನನ್ನ ತಂಗಿಯನ್ನ ಕೊಂದರು. ಅದನ್ನ ನಾನು ಇವತ್ತು ಕೇಳೋಕೆ ಬಂದಿಲ್ಲ. ಮಗನನ್ನ ತರಿಸಿಕೊಡಿ, ಅಷ್ಟೇ ಕೇಳ್ತಿದೀನಿ."

ದುಭಾಷಿ ಎರಡೇ ಎರಡು ಮಾತು ಇಂಗ್ಲಿಷಿನಲ್ಲಿ ಹೇಳಿದ. ದೊರೆ ತಲೆಯಾಡಿಸಿದ. ಅಷ್ಟು ದೊಡ್ಡ ಮಾತು ಅಷ್ಟು ಚಿಕ್ಕದಾದದ್ದು ಹೇಗೆಂದು ಎಕಾನೆಮ್ ದುಭಾಷಿಯ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ತಂಗಿಯ ಮಾತನ್ನು ಅವನು ಹೇಳಿದನೋ ನುಂಗಿದನೋ ಇಂದಿಗೂ ನಮಗೆ ಯಾರಿಗೂ ಗೊತ್ತಿಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಸರ್ಕಾರದ ಮೋಟಾರು ದೋಣಿ ಬಂತು. ಅದರಿಂದ ಇಳಿದವರಲ್ಲಿ ಎಸ್ಸಿಯನ್‌ನನ್ನು ಅಕ್ಕ ಮೊದಲು ಗುರುತಿಸಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕಾಲಿಗೆ ಬಟ್ಟೆ ಸುತ್ತಿತ್ತು, ಕೋಲೂರಿ ನಡೆಯುತ್ತಿದ್ದ. ಪೊಲೀಸಿನವನು ಅವನ ತೋಳು ಹಿಡಿದಿದ್ದ, ಬೀಳದಿರಲೆಂದೋ ಓಡದಿರಲೆಂದೋ ಹೇಳಲಾಗದು. ಇಕ್ವೊ ಹತ್ತಿರ ಹೋಗಿ ಮಗನ ಕಿವಿಯ ಹಿಂದೆ ಕೈಯಾಡಿಸಿ ನೋಡಿದಳು. ಆಮೇಲಷ್ಟೇ ಅತ್ತಳು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ತೆರಿಗೆ ಕಟ್ಟಿದ ರಸೀದಿ ತೋರಿಸಿದರೂ ಅಂಟಿಯಾ ಅದನ್ನು ಹರಿದು ಗದ್ದೆಗೆ ಎಸೆದನಂತೆ, ಮತ್ತೆ ಕಟ್ಟು ಎಂದು ಕೆನ್ನೆಗೆ ಹೊಡೆದನಂತೆ. ಇವನು ತಿರುಗಿ ಒಂದೇ ಏಟು ಹಾಕಿದ. ಅಂಟಿಯಾ ಕಡಿದ ಜೊಂಡಿನ ಮೊನೆಯ ಮೇಲೆ ಮುಖ ಅಡಿಯಾಗಿ ಬಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದ ಅಂಟಿಯಾ ರಸೀದಿಯ ಮಾತು ಸುಳ್ಳೆಂದ. ಸುಳ್ಳಲ್ಲವೆಂದು ಹೇಳಲು ಹಿಂದಿನ ಸಾಲಿಂದ ಒಬ್ಬ ಎದ್ದ, ಮತ್ತೊಬ್ಬ ಎದ್ದ. ಅವರ ರಸೀದಿಗಳನ್ನೂ ಅವನು ಹರಿದಿದ್ದನಂತೆ. ಕೊನೆಗೆ ಅತಿಮ್ ಕೂಡ ಎದ್ದಳು, ಹರಿಯುವುದನ್ನು ತಾನೂ ಕಂಡಿದ್ದೇನೆಂದು ಹೇಳಲು.

ಎಸ್ಸಿಯನ್‌ಗೆ ಎರಡು ವರ್ಷ ಜೈಲಾಯಿತು. ದುಭಾಷಿ ಅದನ್ನು ಹೇಳಿದಾಗ ಇಕ್ವೊ ನಂಬಲಿಲ್ಲ. "ಆಮೇಲೆ ನೇಣಾ?" ಎಂದು ಕೇಳಿದಳು. "ಇಲ್ಲ ಅಜ್ಜಿ, ಆಮೇಲೆ ಮನೆ," ಎಂದ ಅವನು. ಅವಳು ಮಗಳ ಕಡೆ ತಿರುಗಿ, "ಇವನು ಸರಿಯಾಗಿ ತಿರುಗಿಸಿ ಹೇಳ್ತಿದ್ದಾನಾ?" ಎಂದಳು.

ಜೈಲು ದಿಬ್ಬದ ಮೇಲೇ ಇತ್ತು. ಕೈದಿಗಳು ಕಚೇರಿಯ ಅಂಗಳದ ಹುಲ್ಲು ಕೊಯ್ಯುತ್ತಿದ್ದರು. ಕಾಲು ವಾಸಿಯಾದ ಮೇಲೆ ಎಸ್ಸಿಯನ್ ಕೂಡ ಬರುತ್ತಿದ್ದ. ವಾರ್ಡರನಿಗೆ ಒಂದು ಪೊಟ್ಟಣ ರವೆ ಕೊಟ್ಟು ತಾಯಿ ಮಗಳು ರಸ್ತೆಯ ಪಕ್ಕ ಅವನ ಜೊತೆ ಕೂರುತ್ತಿದ್ದರು. ಮೊದಲ ಸಲ ಅವನು ಉಣ್ಣುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದ.

"ನನ್ನ ಆ ಹೆಸರು ಸರ್ಕಾರಕ್ಕೆ ಹೇಗೆ ಗೊತ್ತಾಯ್ತು? ಅಲ್ಲಿ ಶೆಡ್ಡಿಗೆ ಬಂದು ಆ ಹೆಸರು ಕೂಗಿದಾಗ, ಯಾರೋ ನನ್ನನ್ನ ಹಿಡಿದುಕೊಟ್ಟರು ಅಂದ್ಕೊಂಡೆ. ನೀನಾ ಅಕ್ಕ?"

ಎಕಾನೆಮ್ ಉತ್ತರಿಸುವ ಮೊದಲೇ ಇಕ್ವೊ ಅಂದಳು. "ನಾನು."

ಅವನ ಕೈ ಬಟ್ಟಲಲ್ಲೇ ನಿಂತಿತು. ರಸ್ತೆಯಲ್ಲಿ ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಬೀಳದಂತೆ ತಾಯಿ ತನ್ನ ಸೆರಗನ್ನು ಬಟ್ಟಲಿಗೆ ಅಡ್ಡ ಹಿಡಿದಳು. ಅವನು ತಾಯಿಯ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಉಣ್ಣತೊಡಗಿದ. ಮುಗಿಸಿ, ಬೆರಳು ನೆಕ್ಕಿ, ಬಟ್ಟಲನ್ನು ಅವಳ ಕಡೆ ಸರಿಸಿದ.

"ಮುಂದಿನ ಸಲ ಖಾರ ಸ್ವಲ್ಪ ಜಾಸ್ತಿ ಹಾಕು ಅವ್ವ. ಇಲ್ಲಿಯ ಊಟದಲ್ಲಿ ಏನೂ ಇರಲ್ಲ."